ಅಂತರ್ಜಾಲದ ನೀರುಗಂಟಿ: ಜಾನ್ ಪೋಸ್ಟೆಲ್

ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸ್ವಂತ ಮೇಲ್ ಸರ್ವರ್ ಹಾಕೋಕೆ ಹೋದವರಿಗೆ ಗೊತ್ತಿರುತ್ತೆ. ಎಲ್ಲಾ ಸೆಟ್ಟಿಂಗ್ ಸರಿ ಇದ್ರೂ ಒಂದು ಮೇಲೂ ಹೊರಗೆ ಹೋಗಲ್ಲ. ಎಷ್ಟೋ ಸಲ ಕಾರಣ ಇಷ್ಟೇ: ಸಂಪರ್ಕ ಕೊಡೋ ಕಂಪನಿ ಸ್ಪ್ಯಾಮ್ ತಡೆಯೋಕೆ ಅಂತ ಪೋರ್ಟ್ 25 ಮುಚ್ಚಿರುತ್ತೆ. ಹಾಗೆ ಮುಚ್ಚೋದು ಸರಿಯೇ? ಇದಕ್ಕೆ ಉತ್ತರ ಹುಡುಕುವವರು ಮೊದಲು ಜಾನ್ ಪೋಸ್ಟೆಲ್ ಅವರ ಬದುಕನ್ನು ತಿಳಿಯಬೇಕು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ. 1969ರಲ್ಲಿ ಅರ್ಪಾನೆಟ್‌ನ ಮೊದಲ ಕಂಪ್ಯೂಟರ್ ಜೋಡಣೆಯಾದದ್ದು ಅದೇ ಕ್ಯಾಂಪಸ್‌ನಲ್ಲಿ. ಆಗ ಅವರಿನ್ನೂ ನಮ್ಮ ಹಾಗೆ ವಿದ್ಯಾರ್ಥಿ. ಜಾಲದ ನಿಯಮಗಳನ್ನು ಚರ್ಚಿಸೋಕೆ ಗೆಳೆಯರು ಆರ್‌ಎಫ್‌ಸಿ ಅನ್ನೋ ಟಿಪ್ಪಣಿಗಳನ್ನು ಬರೆಯಲು ಶುರು ಮಾಡಿದರು. ಅವನ್ನು ತಿದ್ದಿ, ಜೋಡಿಸಿ, ಕಾಪಾಡೋ ಕೆಲಸವನ್ನು ಪೋಸ್ಟೆಲ್ ವಹಿಸಿಕೊಂಡರು. ಕೊನೆಯುಸಿರಿನವರೆಗೂ ಅದನ್ನು ಬಿಡಲಿಲ್ಲ.

1972ರಲ್ಲಿ ಅವರು ಇನ್ನೊಂದು ಕೆಲಸವನ್ನೂ ತಲೆ ಮೇಲೆ ಹಾಕಿಕೊಂಡರು. ಯಾವ ಸೇವೆಗೆ ಯಾವ ನಂಬರ್ ಅನ್ನೋದಕ್ಕೆ ಒಂದೇ ಪಟ್ಟಿ ಇರಲಿ, ಅದನ್ನು ತಾನೇ ನೋಡಿಕೊಳ್ತೀನಿ ಅಂತ ಪ್ರಸ್ತಾಪಿಸಿದರು. ಇವತ್ತು ನಾವು ಲ್ಯಾಬಲ್ಲಿ ಬಾಯಿಪಾಠ ಮಾಡೋ ಪೋರ್ಟ್ ನಂಬರ್‌ಗಳ ಪಟ್ಟಿ ಬೆಳೆದದ್ದು ಹೀಗೆ. ಮುಂದೆ ಈ ಕೆಲಸಕ್ಕೆ ಐಎಎನ್‌ಎ ಅಂತ ಹೆಸರು ಬಂತು. ಹೆಸರು ದೊಡ್ಡದು, ಆದ್ರೆ ಬಹಳ ಕಾಲ ಐಎಎನ್‌ಎ ಅಂದ್ರೆ ಉದ್ದ ಗಡ್ಡದ, ಚಪ್ಪಲಿ ಹಾಕಿ ಓಡಾಡುವ ಈ ಒಬ್ಬ ಮನುಷ್ಯ ಅಂತಲೇ ಜನ ತಿಳಿದಿದ್ದರು.

ಶೆಟ್ಟಿಕೆರೆ, ತಿಪಟೂರು ಕಡೆಯಿಂದ ಬಂದವರಿಗೆ ಈ ಕೆಲಸ ಬೇಗ ಅರ್ಥವಾಗುತ್ತೆ. ಹಿಂದೆ ನಮ್ಮ ಕೆರೆಗಳಿಗೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಯಾವ ಗದ್ದೆಗೆ, ಯಾವ ತೋಟಕ್ಕೆ ಯಾವಾಗ ನೀರು ಅಂತ ನೋಡಿ ತೂಬು ಎತ್ತೋದು, ಇಳಿಸೋದು ಅವನ ಕೆಲಸ. ಕೆರೆ ಅವನದಲ್ಲ, ನೀರೂ ಅವನದಲ್ಲ. ಅವನ ಮಾತು ನಡೀತಿದ್ದದ್ದು ಊರಿನ ನಂಬಿಕೆಯಿಂದ. ಪೋಸ್ಟೆಲ್ ಅಂತರ್ಜಾಲದ ನೀರುಗಂಟಿ.

1974ರಲ್ಲಿ ಡಾಕ್ಟರೇಟ್ ಪಡೆದು, 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ ಸೇರಿದರು. ಈ ಎರಡರ ನಡುವೆ, 1975ರ ನವೆಂಬರ್‌ನಲ್ಲಿ, ಪುಟ್ಟದೊಂದು ಟಿಪ್ಪಣಿ ಬರೆದರು: ಆರ್‌ಎಫ್‌ಸಿ 706. ವಿಷಯ ಬೇಡದ ಮೇಲ್. ತನಗೆ ಬರೋ ಸಂದೇಶವನ್ನು ಬೇಡ ಅನ್ನೋಕೆ ಕಂಪ್ಯೂಟರಿಗೆ ದಾರಿಯೇ ಇಲ್ಲ; ಕೆಟ್ಟುಹೋದ ಯಂತ್ರವೊಂದು ಸುಮ್ಮನೆ ಕಳಿಸ್ತಾ ಹೋದರೂ ತೆಗೆದುಕೊಳ್ಳಲೇಬೇಕು. ಅಂಥ ಕಡೆಯಿಂದ ಬರೋದನ್ನು ತಡೆಯಿರಿ ಅಂತ ಜಾಲಕ್ಕೇ ಹೇಳುವ ಅವಕಾಶ ಪಡೆಯುವವನಿಗೆ ಇರಬೇಕು ಅನ್ನೋದು ಅವರ ಸಲಹೆ. ಇಮೇಲ್ ಜಾಹೀರಾತಿನ ಮೊದಲ ದೊಡ್ಡ ಹಾವಳಿ ನಡೆದದ್ದು 1978ರಲ್ಲಿ. ಅಂದ್ರೆ ಕಾಯಿಲೆಗೆ ಮೂರು ವರ್ಷ ಮೊದಲೇ ಔಷಧಿ ಚೀಟಿ!

1982ರ ಆಗಸ್ಟ್‌ನಲ್ಲಿ ಅವರೇ ಎಸ್‌ಎಂಟಿಪಿ ನಿಯಮ ಬರೆದರು: ಆರ್‌ಎಫ್‌ಸಿ 821, ಪೋರ್ಟ್ 25. ಕಳಿಸುವಾಗ ಕಟ್ಟುನಿಟ್ಟಾಗಿರು, ಪಡೆಯುವಾಗ ಉದಾರಿಯಾಗಿರು ಅನ್ನೋದು ಪೋಸ್ಟೆಲ್ ತತ್ವ. ಅವರ ಎಸ್‌ಎಂಟಿಪಿ ಕೂಡ ಅಷ್ಟೇ ಉದಾರಿ. ಕಳಿಸಿದವನು ತಾನು ಇಂಥವನು ಅಂದರೆ ನಂಬಿಬಿಡುತ್ತೆ. ಜಾಲದಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ಪರಿಚಿತರಾಗಿದ್ದ ಕಾಲಕ್ಕೆ ಅದು ನಡೀತು. ಲೋಕವೆಲ್ಲ ಜಾಲಕ್ಕೆ ಬಂದಾಗ ಆ ಉದಾರತೆಯೇ ಸ್ಪ್ಯಾಮಿಗೆ ದಾರಿಯಾಯಿತು.

1998ರ ಜನವರಿಯಲ್ಲಿ ಪೋಸ್ಟೆಲ್ ಎಂಟು ಮೂಲ ಹೆಸರು ಸರ್ವರ್‌ಗಳ ನಿರ್ವಾಹಕರಿಗೆ ಮೇಲ್ ಕಳಿಸಿ, ಸರ್ಕಾರದ ಗುತ್ತಿಗೆದಾರ ಕಂಪನಿಯ ಬದಲು ತಮ್ಮ ಸರ್ವರ್ ಕಡೆ ತಿರುಗಿಸಲು ಕೇಳಿದರು. ಅವರು ತಿರುಗಿಸಿದರು! ಅಮೆರಿಕ ಸರ್ಕಾರ ಕೋಪಗೊಂಡಿತು. ಇದೊಂದು ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಮೊದಲಿನಂತೆ ಮಾಡಿಸಿದರು. ಒಳ್ಳೆಯವನೇ ಆಗಿರಲಿ, ಇಷ್ಟು ದೊಡ್ಡ ತೂಬು ಒಬ್ಬನ ಕೈಯಲ್ಲಿರಬಹುದೇ ಅನ್ನೋ ಪ್ರಶ್ನೆ ಆಗ ಎಲ್ಲರೆದುರು ಬಂತು. ಅದೇ ವರ್ಷ ಐಕ್ಯಾನ್ ಸಂಸ್ಥೆ ಹುಟ್ಟಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳಿಂದ, 55ನೇ ವಯಸ್ಸಿನಲ್ಲಿ ಪೋಸ್ಟೆಲ್ ತೀರಿಕೊಂಡರು.

ಎರಡು ತಿಂಗಳಾದ ಮೇಲೆ, ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2476, ಬಳಕೆದಾರರು ತಮ್ಮ ಸರ್ವರ್‌ಗೆ ಮೇಲ್ ಒಪ್ಪಿಸಲು 587 ಅನ್ನೋ ಬೇರೆ ಬಾಗಿಲು ತೋರಿಸಿತು. ಅಲ್ಲಿ ಹೆಸರು, ಗುಪ್ತಪದ ಕೇಳಬಹುದು. ಇದರಿಂದ 25ನ್ನು ಮುಚ್ಚೋದು ಸುಲಭವಾಯಿತು. ವೈರಸ್ ಹೊಕ್ಕ ಮನೆ ಕಂಪ್ಯೂಟರ್ ನೇರವಾಗಿ ಊರೂರಿಗೆ ಕಸ ಚೆಲ್ಲೋದು ನಿಲ್ಲುತ್ತೆ. ನಮ್ಮ ನಿಮ್ಮ ಮೇಲ್‌ಗೆ ಅಡ್ಡಿಯಾಗಲ್ಲ. ಸ್ಪ್ಯಾಮ್ ಕಳಿಸುವ ದೇಶಗಳ ಪಟ್ಟಿಯಲ್ಲಿ ತುದಿಯಲ್ಲಿದ್ದ ಬ್ರೆಜಿಲ್, ಮನೆ ಸಂಪರ್ಕಗಳಲ್ಲಿ 25 ಮುಚ್ಚಿಸಿದ ಮೇಲೆ 2013ರ ಹೊತ್ತಿಗೆ ಬಹಳ ಕೆಳಗಿಳಿಯಿತು.

ಆದ್ರೆ ಮುಚ್ಚುವ ಅಧಿಕಾರ ಸ್ಪ್ಯಾಮಿಗೇ ನಿಲ್ಲುತ್ತೆ ಅಂತಿಲ್ಲ. ನಮ್ಮ ದೇಶದಲ್ಲೇ 2002ರ ಏಪ್ರಿಲ್‌ವರೆಗೆ ಅಂತರ್ಜಾಲದ ಮೂಲಕ ಫೋನ್ ಸೇವೆಗೆ ಅನುಮತಿ ಇರಲಿಲ್ಲ. ಅದರಿಂದ ಉಳಿದದ್ದು ಟೆಲಿಫೋನ್ ಆದಾಯವೇ ಹೊರತು ಗ್ರಾಹಕನ ದುಡ್ಡಲ್ಲ.

ಹಾಗಾಗಿ 25 ಮುಚ್ಚಲಿ. ಆದ್ರೆ ಮುಚ್ಚಿದ್ದೀವಿ ಅಂತ ಹೇಳಿ ಮುಚ್ಚಲಿ, ಸ್ವಂತ ಸರ್ವರ್ ನಡೆಸೋ ವಿದ್ಯಾರ್ಥಿ ಕೇಳಿದರೆ ತೆರೆಯಲಿ. ಪೋಸ್ಟೆಲ್ 1975ರಲ್ಲೇ ಬೇಡ ಅನ್ನುವ ಹಕ್ಕನ್ನು ಕೇಳಿದ್ದು ಪಡೆಯುವವನಿಗಾಗಿ. ನೀರುಗಂಟಿ ತೂಬು ಇಳಿಸಬಹುದು. ಕಲ್ಲು ಜಡಿದು ಗಾರೆ ಹಾಕೋ ಹಾಗಿಲ್ಲ.