ಸೋತರೂ ದಾರಿ ಮಾಡಿಕೊಟ್ಟ ಕಮಲಾದೇವಿ



ನಮ್ಮ ಊರುಗಳಲ್ಲಿ ಗ್ರಾಮಪಂಚಾಯತಿಗೆ ಮಹಿಳಾ ಸೀಟು ಬಿತ್ತು ಅಂದ್ರೆ ಕಟ್ಟೆ ಮೇಲೆ ಮೊದಲು ಬರೋ ಮಾತು ಯಾವುದು? ಯಾರ ಹೆಂಡತೀನ್ನ ನಿಲ್ಲಿಸೋಣ ಅಂತ. ನೀವೂ ಕೇಳಿರ್ತೀರಿ. ಅದಕ್ಕೇ ಈ ಸಂಚಿಕೆಯಲ್ಲಿ, ಸುಮಾರು ನೂರು ವರ್ಷದ ಹಿಂದೆ ಸ್ವಂತ ಬಲದ ಮೇಲೆ ಚುನಾವಣೆಗೆ ನಿಂತ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ.

ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಸರ್ಕಾರದ ದೊಡ್ಡ ಅಧಿಕಾರಿ. ಕಮಲಾದೇವಿಗೆ ಏಳು ವರ್ಷವಿದ್ದಾಗ ಅವರು ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಹೆಂಡತಿ, ಮಗಳಿಗೆ ಉಳಿದದ್ದು ಅವನು ಕೊಡೋ ಜೀವನಾಂಶ ಮಾತ್ರ. ತಾಯಿ ಗಿರಿಜಾಬಾಯಿ ಅದು ಬೇಡವೆಂದರು. ಹೆಣ್ಣಿಗೆ ಹಕ್ಕಿಲ್ಲ ಅನ್ನೋದು ಏನಂತ ಆ ಹುಡುಗಿ ಮನೆಯಲ್ಲೇ ಕಂಡಳು. ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಕ್ಕೆ ವಿಧವೆ. ಆದರೂ ಮೂಲೆ ಸೇರಲಿಲ್ಲ. ಮದ್ರಾಸಿಗೆ ಹೋಗಿ ಓದಿದರು, ಕವಿ ಹರೀಂದ್ರನಾಥರನ್ನು ಮರುಮದುವೆಯಾದರು. ಜನ ಆಡಿಕೊಂಡರು. ಆಡಿಕೊಳ್ಳಲಿ ಅಂತ ಬಿಟ್ಟರು.

1926. ಶಾಸನಸಭೆಗೆ ಹೆಂಗಸರೂ ಸ್ಪರ್ಧಿಸಬಹುದು ಅಂತ ಆಗಷ್ಟೇ ನಿಯಮ ಸಡಿಲವಾಗಿತ್ತು. ಐರ್ಲೆಂಡಿನಿಂದ ಬಂದು ಇಲ್ಲಿಯ ಹೆಂಗಸರ ಹಕ್ಕಿಗಾಗಿ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್ ಒತ್ತಾಯಿಸಿದರು. ಕಮಲಾದೇವಿ ಮದ್ರಾಸ್ ಶಾಸನಸಭೆಗೆ ತಮ್ಮ ಊರ ಕಡೆಯಿಂದ ಪಕ್ಷೇತರರಾಗಿ ನಿಂತರು. ವಯಸ್ಸು ಆಗ 23. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಭಾರತದಲ್ಲಿ ಶಾಸನಸಭೆಗೆ ಚುನಾವಣೆಗೆ ನಿಂತ ಮೊದಲ ಮಹಿಳೆ ಅವರೇ. ತೀರಾ ಕಡಿಮೆ ಮತಗಳಲ್ಲಿ ಸೋತರು.

ಸೋತರೆ ಏನಾಯ್ತು ಅಂತೀರಾ? ಹೆಂಗಸು ನಿಲ್ಲಬಹುದು, ಗೆಲುವಿನ ಹತ್ತಿರಕ್ಕೂ ಬರಬಹುದು ಅಂತ ದೇಶ ನೋಡಿತು. ಅದೇ ಸಭೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮನಿರ್ದೇಶನಗೊಂಡರು, ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದರು. ಆ ಪದ್ಧತಿ ನಮ್ಮ ಹೆಣ್ಣುಮಕ್ಕಳ ಬಾಳು ಎಷ್ಟು ತಿಂದಿದೆ ಅಂತ ನಿಮಗೆ ಹೇಳಬೇಕಿಲ್ಲ.

ಕಮಲಾದೇವಿ ಸುಮ್ಮನೆ ಕೂರಲಿಲ್ಲ. 1930ರಲ್ಲಿ, ನಮ್ಮ ಸೊಲ್ಲಾಪುರ ಮಾರ್ಷಲ್ ಲಾ ಕಂಡ ಅದೇ ವರ್ಷ, ಮುಂಬೈಯಲ್ಲಿ ಉಪ್ಪು ಮಾಡಿ ಮಾರಿ ಜೈಲಿಗೆ ಹೋದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಸ್ವಾತಂತ್ರ್ಯ ಬಂದ ಮೇಲೆ ಕುರ್ಚಿ ಹುಡುಕಲಿಲ್ಲ. ದೇಶ ಒಡೆದಾಗ ಮನೆ ಕಳಕೊಂಡು ಬಂದವರಿಗೆ ಫರೀದಾಬಾದಿನಲ್ಲಿ ನೆಲೆ ಕಟ್ಟಲು ದುಡಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ನೇಕಾರರ, ಕುಂಬಾರರ, ಬುಟ್ಟಿ ಹೆಣೆಯುವವರ ಕೈಗೆ ಬೆಲೆ ತಂದರು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಒಂದು ಮಾತು ಮುಚ್ಚಿಡೋದು ಬೇಡ. ಅವರು ಮೇಲ್ಜಾತಿಯಲ್ಲಿ ಹುಟ್ಟಿದವರು, ಇಂಗ್ಲಿಷ್ ಕಲಿತವರು. 1926ರಲ್ಲಿ ವೋಟು ಇದ್ದದ್ದು ಆಸ್ತಿ, ತೆರಿಗೆ ಇದ್ದವರಿಗೆ. ಹೊಲ ಇಲ್ಲದ ನಮ್ಮ ಮುತ್ತಜ್ಜಿಯರು ನಿಲ್ಲೋದಿರಲಿ, ವೋಟು ಹಾಕೋ ಹಾಗೂ ಇರಲಿಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಮತದಾನದ ಹಕ್ಕು ಬೇಕೆಂದು ಕೇಳಿದವರು ಬಾಬಾಸಾಹೇಬರು. ಸಂವಿಧಾನ ಸಭೆಯಲ್ಲಿ ಕೂತ ಒಬ್ಬಳೇ ದಲಿತ ಮಹಿಳೆ ಕೇರಳದ ದಾಕ್ಷಾಯಣಿ ವೇಲಾಯುಧನ್. ಸಂವಿಧಾನ ಬಂದ ಮೇಲೆ ಎಲ್ಲರಿಗೂ ಒಂದೊಂದು ವೋಟು. ಅಲ್ಲಿಂದ 1966ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದರು. 2007ರಲ್ಲಿ ನಮ್ಮ ಮಹಾರಾಷ್ಟ್ರದ ಪ್ರತಿಭಾ ಪಾಟೀಲ್ ರಾಷ್ಟ್ರಪತಿಯಾದರು. 2009ರಲ್ಲಿ ದಲಿತ ಸಮಾಜದ ಮೀರಾ ಕುಮಾರ್ ಲೋಕಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು, 2017ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತರು. 2022ರಲ್ಲಿ ಆದಿವಾಸಿ ಮಗಳು ದ್ರೌಪದಿ ಮುರ್ಮು ಗೆದ್ದರು.

ಈಗ ನಮ್ಮ ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದ್ದು. ಫಾರ್ಮ್ ಮೇಲೆ ಹೆಸರು ಅವಳದು, ಕುರ್ಚಿ ಮೇಲೆ ಗಂಡ ಅಂದ್ರೆ ಏನು ಬಂತು? ಗೆಳೆಯರೇ, ಮುಂದಿನ ಸಲ ಕಟ್ಟೆ ಮೇಲೆ ಮಾತು ಬಂದಾಗ ಯಾರ ಹೆಂಡತಿ ಅಂತ ಕೇಳಬ್ಯಾಡ್ರಿ. ಯಾವ ಅಕ್ಕ ನಿಲ್ತಾಳೆ ಅಂತ ಕೇಳ್ರಿ. ಗೆದ್ದ ಮೇಲೆ ಅವಳನ್ನೇ ಕೂರಿಸ್ರಿ. ಸೋತರೂ ಮತ್ತೆ ನಿಲ್ಲು ಅಂತ ಅವಳ ಬೆನ್ನಿಗೆ ಇರ್ರಿ.