ಗಾಳಿಗುಳ್ಳೆ ಕಲಿಸಿದ ಪಾಠ

ಸೊರಬದಿಂದ ಶಿಕಾರಿಪುರಕ್ಕೆ ದಿನವೂ ಬಸ್ಸಿನಲ್ಲಿ ಓಡಾಡಿ ಡಿಪ್ಲೊಮಾ ಮುಗಿಸಿದವನು ನಾನು. ಫೌಂಡ್ರಿಯೊಂದಕ್ಕೆ ಟ್ರೈನಿಯಾಗಿ ಸೇರಿದ ತಿಂಗಳಲ್ಲೇ ನನ್ನ ಪಾಳಿಯ ಎರಕವೆಲ್ಲ ರಿಜೆಕ್ಟ್ ಆಯಿತು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾಗಿತ್ತು. ಅದು ಆವಿಯಾಗಿ ಲೋಹದೊಳಗೆ ಗುಳ್ಳೆ ಬಿಟ್ಟಿತ್ತು. ನಾನೋ ತೇವ ಅಳೆಯದೆ, ಹಿಂದಿನ ದಿನದ ಅಂಕಿಯನ್ನೇ ರಿಜಿಸ್ಟರಿಗೆ ಇಳಿಸಿದ್ದೆ. ಹೇಳಿದರೆ ಕೆಲಸ ಹೋದೀತೆಂಬ ಭಯ. ಆ ರಾತ್ರಿ ನೆನಪಾದವರು ನಮ್ಮ ಜಿಲ್ಲೆಯ ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ತಂದ ಸರ್ ಎಂ. ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳುತ್ತ ಓದಿದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರು ಯೋಜಿಸಿದ ಭದ್ರಾವತಿಯ ಕುಲುಮೆ 1923ರಲ್ಲಿ ಉರಿಯಿತು. ಕಲ್ಲಿದ್ದಲಿಲ್ಲದ ಸಂಸ್ಥಾನದಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಇಂಧನ. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಕಬ್ಬಿಣದ ಗುಣವೂ ಚೆನ್ನ. ಆದರೆ ಮಹಾಯುದ್ಧದ ನಂತರ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಬಿತ್ತು. ನಿವೃತ್ತರಾಗಿದ್ದ ಅವರು ಅಧ್ಯಕ್ಷರಾಗಿ ಬಂದು, ಒಂದೊಂದು ಖರ್ಚಿನ ಲೆಕ್ಕ ಹಿಡಿದು, ನಮ್ಮವರಿಗೇ ತರಬೇತಿ ಕೊಟ್ಟು, 1929ರವರೆಗೆ ದುಡಿದು ಅದನ್ನು ಉಳಿಸಿದರು. ತಮಗೆ ಬರಬೇಕಿದ್ದ ಸಂಬಳವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದೇ ಇಂದಿನ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. 1962ರಲ್ಲಿ ಅವರು ತೀರಿಕೊಂಡರು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್‌ಗೆ ನಿಜ ಹೇಳಿದೆ. ಬೈದರು, ಆದರೆ ಕೆಲಸ ಉಳಿಯಿತು. ಈಗ ಪ್ರತಿ ಬ್ಯಾಚಿನ ಮರಳನ್ನೂ ಅಳೆದ ಮೇಲೆಯೇ ಪೆನ್ನು ತೆಗೆಯುತ್ತೇನೆ.