ಹುಡುಕುವುದನ್ನು ಕಲಿಸಿದ ಮೇಷ್ಟ್ರು

ನಮ್ಮ ಕಾಸಿಮೇಡು ಬಂದರಿನಲ್ಲಿ ಬೆಳಗಿನ ಜಾವ ದೋಣಿ ಬಂದು ನಿಂತಿತೆಂದರೆ ಮೀನೆಲ್ಲ ಜಾತಿವಾರು ಬೇರೆಯಾಗುತ್ತದೆ. ಮಂಗಳೂರಿನವರು ಅಂಜಲ್ ಅನ್ನುವ ವಂಜರಂ ಒಂದು ಕಡೆ, ಸೀಗಡಿ ಒಂದು ಕಡೆ. ಹೊಸಬನಿಗೂ ಬೇಕಾದ್ದು ಸಿಗುತ್ತದೆ. ಅಂಥ ಊರಿನವನಾದ ನಾನು ಬಿ.ಕಾಂ. ಮೊದಲ ವರ್ಷದಲ್ಲಿ ಒಂದು ಗ್ರಂಥಾಲಯಕ್ಕೆ ಹೋಗಿ, ಸಹಕಾರ ಸಂಘಗಳ ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ತಿಳಿಯದೆ, ಕೇಳಲು ನಾಚಿ, ಬರಿಗೈಲಿ ವಾಪಸ್ ಬಂದೆ. ಕನ್ನಡ ಶಾಲೆಯಲ್ಲಿ ಓದುವುದನ್ನು ಕಲಿಸಿದ್ದರು, ಹುಡುಕುವುದನ್ನು ಕಲಿಸಿರಲಿಲ್ಲ. ಗೈಡು ನೋಡಿ ಬರೆದುಕೊಟ್ಟೆ. ಆ ನಾಚಿಕೆಯೇ ಮುಂದೆ ನನ್ನನ್ನು ಎಸ್. ಆರ್. ರಂಗನಾಥನ್ ಅವರ ಜೀವನದ ಕಡೆ ಎಳೆಯಿತು.

ಅವರು ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಓದಿದ್ದು ಗಣಿತ. ಬಾಯಿ ತೊದಲುತ್ತಿದ್ದರೂ ಹಟದಿಂದ ಮೇಷ್ಟ್ರಾದರು. 1917ರಲ್ಲಿ ಮೊದಲ ಕೆಲಸ ಸಿಕ್ಕಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ! ಬರೀ ಪಾಠ ಒಪ್ಪಿಸುವ ಬದಲು ಹುಡುಗರನ್ನು ಪುಸ್ತಕಗಳ ಹತ್ತಿರ ಕಳಿಸುವುದು ಅವರ ಪದ್ಧತಿ.

1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಸರ ಹಿಡಿಯಿತು. ಪಾಠ ಮಾಡುವವನಿಗೆ ಈ ಒಂಟಿತನ ಯಾಕಪ್ಪಾ ಎಂದು ತರಗತಿಗೆ ಮರಳಲು ಹೊರಟರು. ಮೊದಲು ಲಂಡನ್ನಿಗೆ ಹೋಗಿ ಬಾ ಎಂದು ಕಳಿಸಿದರು. ಅಲ್ಲಿ ಗ್ರಂಥಾಲಯಗಳು ಜನಸಾಮಾನ್ಯರಿಗೂ ಮಕ್ಕಳಿಗೂ ದಾರಿ ತೋರುವುದನ್ನು ಕಂಡಾಗ ಮನಸ್ಸು ತಿರುಗಿತು. ಇದೂ ಪಾಠವೇ, ತರಗತಿ ಮಾತ್ರ ದೊಡ್ಡದು! ಅಂಗಡಿಯೊಂದರಲ್ಲಿ ಬಿಡಿ ತುಂಡುಗಳನ್ನು ಜೋಡಿಸುವ ಮೆಕ್ಯಾನೋ ಆಟಿಕೆ ನೋಡಿ, ವಿಷಯವನ್ನೂ ತುಂಡು ಮಾಡಿ ಜೋಡಿಸಬಹುದಲ್ಲ ಎಂದು ಹೊಳೆಯಿತು. ಯಾವ ವಸ್ತು, ಯಾವ ಕೆಲಸ, ಯಾವ ಊರು, ಯಾವ ಕಾಲ ಎಂದು ಬಿಡಿಸಿ ಪುಸ್ತಕಕ್ಕೆ ಸಂಖ್ಯೆ ಕೊಡುವ ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು.

ಮದ್ರಾಸಿಗೆ ಮರಳಿ, ಕಪಾಟುಗಳ ನಡುವೆ ಓದುಗರೇ ಓಡಾಡುವಂತೆ ಮಾಡಿದರು. ಹೊಸ ವಿದ್ಯಾರ್ಥಿಗೆ ಸೂಚಿ ನೋಡುವುದನ್ನೂ ಆಕರ ಗ್ರಂಥ ಬಳಸುವುದನ್ನೂ ಹೇಳಿಕೊಡುವುದು ಗ್ರಂಥಪಾಲಕನ ಧರ್ಮವೆಂದರು. 1929ರಲ್ಲಿ ಗ್ರಂಥಪಾಲಕರ ತರಬೇತಿ ಶುರುಮಾಡಿದರು. 1931ರಲ್ಲಿ ಅವರ ಪ್ರಸಿದ್ಧ ಪಂಚಸೂತ್ರಗಳ ಪುಸ್ತಕ ಬಂತು. ಅದೇ ವರ್ಷ ಮನ್ನಾರ್‌ಗುಡಿ ಕಡೆಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋದವು. 1942ರಲ್ಲಿ ಶಾಲಾ ಕಾಲೇಜು ಗ್ರಂಥಾಲಯಗಳ ಮೇಲೆಯೇ ಒಂದು ಗ್ರಂಥ ಬರೆದರು.

ಕೊನೆಯ ವರ್ಷಗಳು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ತೆರೆದರು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಶ್ರಮವಿತ್ತು. 1972ರ ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು.

ಗೆಳೆಯರೇ, ಈಗ ಬೆರಳು ತಾಗಿಸಿದರೆ ಸಾವಿರ ಉತ್ತರ ಬೀಳುತ್ತವೆ. ಯಾವುದು ತಾಜಾ, ಯಾವುದು ಕೊಳೆತದ್ದು ಅಂತ ಕಿವಿರು ಎತ್ತಿ ನೋಡುವ ಬುದ್ಧಿ ಬೇಡವೇ? ಒಂದನೇ ತರಗತಿಯಿಂದ ಎಂ.ಕಾಂ.ವರೆಗೂ ಅದೂ ಪಾಠವಾಗಬೇಕು. ನಾನಂತೂ ಮೊನ್ನೆ ಅದೇ ಗ್ರಂಥಾಲಯಕ್ಕೆ ಮತ್ತೆ ಹೋದೆ. ಈ ಸಲ ಕೇಳಿದೆ, ಸೂಚಿ ನೋಡಿದೆ, ಪುಸ್ತಕ ಸಿಕ್ಕಿತು.